ಒಂದು ಸುತ್ತಿನ ದೂರ

ಪಿ.ಡಿ. ಸರ್ ತೀರಿಕೊಂಡರೆಂದು ನನಗೆ ಫೋನು ಮಾಡಿದವನು ತನ್ನ ಹೆಸರು ಹೇಳಲಿಲ್ಲ. "ನಾನ್ರಿ ಮೇಡಂ, ಮುನ್ನೂರಾ ಹನ್ನೆರಡು," ಎಂದ. ನನಗೆ ಅಷ್ಟೇ ಸಾಕಾಯಿತು. ಹಿಂದೊಮ್ಮೆ ನಮ್ಮ ಕಾಲೇಜಿನಲ್ಲಿ ಬಿ.ಎ. ಓದಿದ ಹುಡುಗ, ಈಗ ಹಿರೇಕೆರೂರಿನಿಂದ ಹಾವೇರಿಗೆ ಹೋಗುವ ಬಸ್ಸಿನ ಕಂಡಕ್ಟರ್. ಆ ಅಂಕಿ ಅವನ ಹೆಸರು ಹೇಗಾಯಿತು ಎಂದು ಹೇಳಿದರೆ ಪಿ.ಡಿ. ಸರ್ ಬಗ್ಗೆ ಅರ್ಧ ಹೇಳಿದಂತೆ. ಉಳಿದ ಅರ್ಧದಲ್ಲಿ ನಾನಿದ್ದೇನೆ. ಅದನ್ನು ಬಿಟ್ಟು ಬರೆದರೆ ಇದು ಬೀಳ್ಕೊಡುಗೆಯ ಭಾಷಣವಾಗುತ್ತದೆ. ಅಂಥ ಭಾಷಣ ಅವರಿಗೆ ಒಮ್ಮೆ ಆಗಿಹೋಗಿದೆ, ಮಾಡಿದವಳೂ ನಾನೇ.

ಪಿ.ಡಿ. ಎಂದರೆ ದೈಹಿಕ ಶಿಕ್ಷಣ ನಿರ್ದೇಶಕರು. ಹೆಸರೇನೋ ಭಾರಿಯಾಗಿದೆ. ಆದರೆ ಹಾನಗಲ್ಲಿನ ನಮ್ಮ ಕಾಲೇಜಿನಲ್ಲಿ ಅವರು ನಿರ್ದೇಶಿಸಲು ಇದ್ದದ್ದು ಒಂದು ಮೈದಾನ, ಎರಡು ವಾಲಿಬಾಲ್ ಕಂಬ, ಬೀಗ ಕೆಟ್ಟ ಒಂದು ಕಪಾಟು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಬಾಗಿಲ ಪಕ್ಕ, ಬಂದುಹೋಗುವವರ ಕಾಲಿಗೆ ತಾಗುವ ಜಾಗದಲ್ಲಿ. ನಾವು ಪಾಠ ಮಾಡುವವರು, ಅವರು ಆಟ ಆಡಿಸುವವರು ಎಂಬ ಭೇದವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚಹಾ ಬಂದಾಗ ಮೊದಲ ಕಪ್ಪು ಯಾರ ಕಡೆ ಹೋಗುತ್ತದೆ, ಕೊನೆಯದು ಯಾರ ಕಡೆ ಎಂಬುದರಲ್ಲಿ ಅದು ಕಾಣುತ್ತಿತ್ತು. ನಾನು ಸಮಾಜಶಾಸ್ತ್ರದವಳು. ಇಂಥ ಭೇದಗಳ ಮೇಲೆ ತಾಸುಗಟ್ಟಲೆ ಪಾಠ ಮಾಡಿ ಬಂದು ಮೊದಲ ಕಪ್ಪು ಕುಡಿಯುತ್ತಿದ್ದೆ.

ಕುಳ್ಳಗಿನ ಒಣಕಲು ಮನುಷ್ಯ. ಬಿಳಿ ಟೀ ಶರ್ಟು ತೊಳೆದು ತೊಳೆದು ಹಳದಿಯಾಗಿತ್ತು, ಆದರೆ ಕ್ಯಾನ್ವಾಸ್ ಬೂಟು ಮಾತ್ರ ಯಾವತ್ತೂ ಬೆಳ್ಳಗೆ. ಅದರ ಗುಟ್ಟು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ನಾವು ಪಾಠ ಮುಗಿಸಿ ಕಿಟಕಿಯಲ್ಲಿ ಬಿಟ್ಟುಬಂದ ಚಾಕ್‌ಪೀಸಿನ ತುಂಡುಗಳನ್ನು ಆಯ್ದುಕೊಂಡು, ಪುಡಿಮಾಡಿ ನೀರಲ್ಲಿ ಕಲಸಿ ಬಳಿದುಕೊಳ್ಳುತ್ತಿದ್ದರು. "ಖಡು ತುಂಡು ಒಗೀಬ್ಯಾಡ್ರಿ ಮೇಡಂ. ನಿಮ್ಮ ಪಾಠ ಅರ್ಧಕ್ಕರ್ಧ ನನ್ನ ಬೂಟಿನ ಮ್ಯಾಲ ಐತಿ," ಎಂದು ನಗುತ್ತಿದ್ದರು.

ಅವರ ಊರು ಸವಣೂರು. ವೈಷ್ಣವ ಪಂಡಿತರ ಮನೆತನ. ಅಪ್ಪ ಪುರಾಣ ಹೇಳುವವರು, ಅಣ್ಣ ವೇದ ಕಲಿತು ಆಮೇಲೆ ಬ್ಯಾಂಕು ಸೇರಿದವರು. ಈ ಮನೆಯಲ್ಲಿ ಹುಟ್ಟಿ ದಂಡ ಹೊಡೆದು ಓಡಿಕೊಂಡು ಬೆಳೆದದ್ದಕ್ಕೆ ತಂದೆ ಕೊನೆಯವರೆಗೂ ಮುನಿಸಿಕೊಂಡೇ ಇದ್ದರಂತೆ. ಮನೆಯ ಮಾತಿನ ಮಡಿಯೂ ಅವರಲ್ಲಿ ಉಳಿದಿರಲಿಲ್ಲ. ಮೂವತ್ತು ವರ್ಷ ಹಳ್ಳಿಯ ಮಕ್ಕಳ ಜೊತೆ ಕೂಗಾಡಿ, ಅವರ ಹಾಗೆಯೇ ಮಾತಾಡುತ್ತಿದ್ದರು. ಮದುವೆಯಾಗಿರಲಿಲ್ಲ. ಹಾನಗಲ್ಲಿನಲ್ಲಿ ಮೈದಾನಕ್ಕೆ ಹತ್ತಿರದ ಒಂದು ಖೋಲಿಯಲ್ಲಿ ಒಬ್ಬರೇ ಇದ್ದರು.

"ಆದ್ರೂ ನಾ ಮಾಡೋದೆಲ್ಲಾ ನಮ್ಮಪ್ಪಂದ ರೀ," ಎಂದು ಒಮ್ಮೆ ಹೇಳಿದರು. "ಯಾರರೆ ಬಂದು, ಆಚಾರ್ರ, ಮನಸ್ಸಿಗಿ ಸಮಾಧಾನ ಇಲ್ಲಂದ್ರ ನಮ್ಮಪ್ಪ ಏನ್ ಹೇಳ್ತಿದ್ರು ಗೊತ್ತೇನ್ರಿ? ಮುಂಜಾನೆದ್ದು ನೂರಾ ಎಂಟು ಪ್ರದಕ್ಷಿಣಿ ಹಾಕು, ಆಮ್ಯಾಲೆ ಬಂದು ಮಾತಾಡು. ಮಂದಿ ಹಾಕತಿದ್ರು. ಮಾತಾಡಾಕ ತಿರುಗಿ ಬರೋರು ಭಾಳ ಕಡಿಮಿ. ನಾನೂ ಅದನ್ನ ಮಾಡಾಕತ್ತೇನಿ. ನಡುವ ದೇವ್ರಿಲ್ಲ, ವಾಲಿಬಾಲ್ ಕಂಬ ಅದಾವು, ಅಷ್ಟ."

ಬೆಳಿಗ್ಗೆ ಆರಕ್ಕೆ ಅವರ ಸೀಟಿ ಕೇಳುತ್ತಿತ್ತು. ನಮ್ಮ ಕಡೆ ಬೆಳಗಿನ ಮೈದಾನವೆಂದರೆ ಪೊಲೀಸು, ಸೈನ್ಯದ ಭರ್ತಿಗೆ ತಯಾರಾಗುವ ಹುಡುಗ ಹುಡುಗಿಯರು. ಅವರನ್ನೆಲ್ಲ ಸರ್ ಎಡಗಡೆ ನಿಲ್ಲಿಸುತ್ತಿದ್ದರು. ಬಲಗಡೆ ಇನ್ನೊಂದು ಸಾಲು. "ನೌಕರಿಗಿ ಓಡವ್ರು ಆ ಕಡಿ, ನಿದ್ದಿಗಿ ಓಡವ್ರು ಈ ಕಡಿ!" ಎಂದು ಕೂಗುತ್ತಿದ್ದರು. ನಿದ್ದೆಗೆ ಓಡುವವರು ಎಂದರೆ ಹಾಸಿಗೆಯಲ್ಲಿ ಹೊರಳಾಡಿ ಬೆಳಗು ಮಾಡುವವರು, ಪರೀಕ್ಷೆ ಹತ್ತಿರ ಬಂದರೆ ಕೈ ನಡುಗುವವರು, ಯಾರೊಂದಿಗೂ ಮಾತು ಬೇಡವಾದವರು. ಯಾರು ಯಾವ ಸಾಲೆಂದು ಸರ್ ಯಾರಿಗೂ ಹೇಳುತ್ತಿರಲಿಲ್ಲ. ಮಕ್ಕಳು ತಾವೇ ಹೋಗಿ ನಿಲ್ಲುತ್ತಿದ್ದರು. ಬಲಗಡೆಯ ಸಾಲು ಪ್ರತಿವರ್ಷ ಉದ್ದವಾಗುತ್ತ ಹೋಯಿತು. ಎಲ್ಲರ ಕೈಯಲ್ಲೂ ಫೋನು ಬಂದ ಮೇಲೆ ಇನ್ನೂ ಉದ್ದವಾಯಿತು.

ಅವರದೊಂದು ಪದ್ಧತಿ ಇತ್ತು. ಊರಿಗೆಲ್ಲ ಗೊತ್ತಿದ್ದ, ಊರೆಲ್ಲ ನಗುತ್ತಿದ್ದ ಪದ್ಧತಿ. ಬಲಗಡೆಯ ಸಾಲಿನಲ್ಲಿ ಒಬ್ಬರು ಸತತ ಎರಡು ದಿನ ಬರದಿದ್ದರೆ, ಮೂರನೆಯ ದಿನ ಓಟದ ದಾರಿ ಬದಲಾಗುತ್ತಿತ್ತು. ಇಡೀ ಸಾಲು ಮೈದಾನ ಬಿಟ್ಟು ಓಣಿಗೆ ಇಳಿದು, ಬರದವರ ಮನೆ ಮುಂದೆಯೋ ಹಾಸ್ಟೆಲಿನ ಮುಂದೆಯೋ ಹೋಗಿ ನಿಲ್ಲುತ್ತಿತ್ತು. ಹೆಸರು ಹಿಡಿದು ಕರೆಯುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ. ಸಾಲಾಗಿ ನಿಂತು ಕೈ ಮೇಲೆ, ಕೈ ಕೆಳಗೆ ಮಾಡುತ್ತ ಗಟ್ಟಿಯಾಗಿ ಎಣಿಸುವುದು. ಒಂದು, ಎರಡು, ಮೂರು. ಆ ಹುಡುಗನೋ ಹುಡುಗಿಯೋ ಹೊರಗೆ ಬಂದು ಕೊನೆಯ ಸಾಲಿನಲ್ಲಿ ನಿಲ್ಲುವ ತನಕ ಎಣಿಕೆ ನಿಲ್ಲುವಂತಿಲ್ಲ. ಬಂದ ಮೇಲೆ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವಂತಿಲ್ಲ. ಸರ್ ಮಾತ್ರ ಮರುದಿನ ಒಂದು ಮಾತು ಹೇಳುತ್ತಿದ್ದರು: "ನೀ ಎಪ್ಪತ್ನಾಲ್ಕಕ್ಕ ಬಂದಿ ನೋಡು. ಮುಂದಿನ ಸಲ ಐವತ್ತಕ್ಕ ಬಾ."

ಹೀಗೆ ಮಕ್ಕಳಿಗೆ ಅಂಕಿಗಳು ಬಿದ್ದವು. ಎಪ್ಪತ್ನಾಲ್ಕು, ನೂರಾ ನಲವತ್ತು, ಇಪ್ಪತ್ತೊಂದು. ಕಂಡಕ್ಟರ್ ಹುಡುಗ ಪೊಲೀಸ್ ಭರ್ತಿಯಲ್ಲಿ ಎತ್ತರ ಕೂದಲೆಳೆಯಷ್ಟು ಕಡಿಮೆಯಾಗಿ ವಾಪಸು ಬಂದವನು. ಎಡಗಡೆಯ ಸಾಲಿನವನಾದ್ದರಿಂದ ಸರ್‌ಗೆ ತಿಳಿಯುವಷ್ಟರಲ್ಲಿ ಹನ್ನೊಂದು ದಿನವಾಗಿತ್ತು, ಅಷ್ಟೂ ದಿನ ಬಾಡಿಗೆ ಖೋಲಿಯ ಚಿಲಕ ತೆಗೆದಿರಲಿಲ್ಲ. ಅವನು ಹೊರಗೆ ಬಂದದ್ದು ಮುನ್ನೂರಾ ಹನ್ನೆರಡಕ್ಕೆ. ಅಷ್ಟೊತ್ತಿಗೆ ಅರ್ಧ ಮಂದಿಯ ತೋಳು ಸೋತು ಜೋತುಬಿದ್ದಿದ್ದವಂತೆ. ಅಷ್ಟು ದೊಡ್ಡ ಅಂಕಿ ಬೇರೆ ಯಾರದೂ ಇರಲಿಲ್ಲ. ಅವನು ಅದನ್ನು ಪದಕದ ಹಾಗೆ ಹೇಳಿಕೊಳ್ಳುತ್ತಾನೆ.

ನನಗೂ ಒಂದು ಕೆಟ್ಟ ಕಾಲ ಬಂದಿತ್ತು. ಅವ್ವ ಹೋದ ವರ್ಷ. ಕ್ಲಾಸಿನಲ್ಲಿ ಮಾತಿನ ನಡುವೆ ನಿಂತುಬಿಡುತ್ತಿದ್ದೆ. ಸರ್ ಬಾಗಿಲ ಪಕ್ಕದ ಕುರ್ಚಿಯಿಂದ ನೋಡಿದವರು, "ನಾಳೆ ಮೈದಾನಕ್ಕ ಬರ್ರಿ ಮೇಡಂ, ಒಂದ ಸುತ್ತು ನಡೀರಿ," ಎಂದರು. ಮೂರು ದಿನ ಹೋದೆ. ಆ ಮೂರು ದಿನವೂ ನಿದ್ದೆ ಬಂತು. ನಾಲ್ಕನೆಯ ದಿನ ಮೊಣಕಾಲು ನೋವೆಂದು ಬಿಟ್ಟೆ. ಸತ್ಯವೆಂದರೆ, ವಿದ್ಯಾರ್ಥಿಗಳ ಜೊತೆ ಬಲಗಡೆಯ ಸಾಲಿನಲ್ಲಿ ನಿಲ್ಲಲು ನಾಚಿಕೆಯಾಯಿತು. "ನನ್ನ ಮನೆ ಮುಂದೆ ಬಂದು ಎಣಿಸಲಿಲ್ಲವಲ್ಲ ಸರ್," ಎಂದು ಆಮೇಲೆ ಕೆಣಕಿದೆ. "ಹುಡುಗೂರ ಮನಿಗಾದ್ರ ಹೋಗ್ತೇನ್ರಿ. ನಿಮ್ಮಂಥಾ ದೊಡ್ಡವ್ರ ಬಾಗಲಕ್ಕ ಬರಾಕ ನನಗ ಧೈರ್ಯ ಇಲ್ಲ," ಎಂದು ಕೈ ಮುಗಿದರು. ಇಬ್ಬರೂ ನಕ್ಕೆವು.

ಲಾಕ್‌ಡೌನ್ ಮುಗಿದು ಮಕ್ಕಳು ಮರಳಿದಾಗ ಎಲ್ಲ ಕಾಲೇಜುಗಳಿಗೂ ಮಾನಸಿಕ ಆರೋಗ್ಯದ ನೆನಪಾಯಿತು. ನಮ್ಮಲ್ಲೂ ಆಪ್ತ ಸಮಾಲೋಚನಾ ಘಟಕ ಎಂದು ಒಂದು ಫಲಕ ಬಂತು, ನನ್ನನ್ನು ಅದರ ಸಂಚಾಲಕಿ ಮಾಡಿದರು. ಮೂರು ದಿನದ ತರಬೇತಿಗೆ ಹೋಗಿಬಂದೆ. ನನಗೆ ಕೊಬ್ಬು ಬಂದಿತ್ತೆಂದೇ ಹೇಳಬೇಕು. ಅಲ್ಲಿ ಕೊಟ್ಟ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ಎಲ್ಲ ಮಕ್ಕಳಿಂದ ತುಂಬಿಸಿದೆ. ಕಳೆದ ಎರಡು ವಾರದಲ್ಲಿ ನಿಮಗೆ ಹೇಗನಿಸಿದೆ, ಸದಾ ಸಂತೋಷ, ಕೆಲವೊಮ್ಮೆ ಸಂತೋಷ, ಹೀಗೆ ಐದು ಮನೆ. ಒಂದರಲ್ಲಿ ಗುರುತು ಹಾಕಬೇಕು. ಹೆಚ್ಚಿನವರು ಸದಾ ಸಂತೋಷದಲ್ಲಿದ್ದರು. ಕಟ್ಟುಕಟ್ಟಿ ಕಡತದಲ್ಲಿಟ್ಟೆ.

ಸರ್ ಆ ಹಾಳೆಗಳನ್ನು ಎರಡೂ ಕಡೆ ತಿರುವಿ ನೋಡಿದರು. "ಚಲೋ ಮಾಡೀರಿ ಮೇಡಂ. ಆದ್ರ ಈ ಹುಡುಗೂರನ್ನ ಹೆಂಗದೀಯೋ ಅಂತ ಕೇಳಿದ್ರ, ಆರಾಮ ಅದೀನಿ ಅಂತನ ಹೇಳ್ತಾವ. ಸಣ್ಣವಿದ್ದಾಗಿಂದ ಅದನ್ನ ಕಲಿಸೇವಿ ನಾವು. ಆರಾಮ ಅದೀನಿ ಅಂದಾವ್ರನ್ನ ನಂಬಬ್ಯಾಡ್ರಿ. ಒಂದ ಸುತ್ತು ಓಡಿಸಿ ನೋಡ್ರಿ. ಬಾಯಿ ಸುಳ್ಳ ಹೇಳ್ತೈತಿ, ಕಾಲು ಹೇಳಂಗಿಲ್ಲ."

"ಎಲ್ಲದಕ್ಕೂ ಓಟವೇ ಔಷಧಿಯಲ್ಲ ಸರ್," ಎಂದೆ.

"ಔಷಧಿ ಅಂತ ನಾ ಎಲ್ಲಿ ಅಂದೇನ್ರಿ? ಜ್ವರ ನೋಡಾಕ ಕೈ ಹಿಡದಂಗ ಅದು. ಓಡಾಕ ಬರವಲ್ಲಂದ್ರ ಜ್ವರ ಐತಿ ಅಂತ ಗೊತ್ತಾಕ್ಕೈತಿ. ಮುಂದಿಂದು ಡಾಕ್ಟರ್ ನೋಡಲಿ, ನೀವು ನೋಡ್ರಿ."

ಇದನ್ನು ಅವರು ಜಗಳಕ್ಕೆ ಹೇಳಿದ್ದಲ್ಲ. ನನಗೆ ಮಾತ್ರ ನನ್ನ ಘಟಕವನ್ನು ಆಡಿಕೊಂಡ ಹಾಗೆ ಕೇಳಿಸಿತು. ಮೈದಾನದವನು ನನಗೆ ಪಾಠ ಹೇಳುತ್ತಾನೆ ಎಂಬ ಸಿಟ್ಟು ಒಳಗೆ ಉಳಿಯಿತು. ಮುಂದೆ ನಡೆದುದರಲ್ಲಿ ಆ ಸಿಟ್ಟಿನ ಪಾಲು ಇಲ್ಲವೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇತ್ತು.

ಆ ವರ್ಷ ಒಂದು ದೂರು ಬಂತು. ಒಬ್ಬ ವಿದ್ಯಾರ್ಥಿನಿಯ ಮನೆಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದರು. ಅದೇ ದಿನಗಳಲ್ಲಿ ಅವಳು ಮೈದಾನಕ್ಕೆ ಬರುವುದು ನಿಂತಿತ್ತು. ಮೂರನೆಯ ದಿನ ಬೆಳಿಗ್ಗೆ ಸರ್ ಅವರ ಸಾಲು ಹೋಗಿ ಅವಳ ಮನೆ ಮುಂದೆ ನಿಂತು ಎಣಿಸಿತು. ಸಾಲಿನಲ್ಲಿ ಹುಡುಗರೂ ಇದ್ದರಲ್ಲ, ಸುದ್ದಿ ಗಂಡಿನ ಕಡೆಯವರಿಗೆ ಬೇರೆ ರೂಪದಲ್ಲಿ ತಲುಪಿತು. ಹುಡುಗಿಯ ಅಪ್ಪ ಪ್ರಾಂಶುಪಾಲರ ಕೋಣೆಗೆ ಬಂದು ಮೇಜು ಗುದ್ದಿದರು. "ನನ್ನ ಮನಿ ಮುಂದ ಗಂಡುಹುಡುಗೂರನ್ನ ನಿಲ್ಲಿಸಿ ಕುಣಸ್ತೀರೇನ್ರಿ? ಇದು ಕಾಲೇಜ ಏನು, ಏನಿದು?" ಸರ್ ತಲೆ ತಗ್ಗಿಸಿ ನಿಂತಿದ್ದರು. "ತಪ್ಪಾತ್ರಿ," ಎಂದು ಎರಡು ಸಲ ಅಂದರು.

ಪ್ರಾಂಶುಪಾಲರು ಒಂದು ನಿರ್ಣಯ ಬರೆದುಕೊಡಲು ನನಗೆ ಹೇಳಿದರು. ಬರೆದೆ. ನನ್ನ ಅಕ್ಷರ ಚೆನ್ನಾಗಿದೆ, ಭಾಷೆಯೂ ಚೆನ್ನಾಗಿಯೇ ಇತ್ತು. ಇನ್ನು ಮುಂದೆ ಯಾವುದೇ ವಿದ್ಯಾರ್ಥಿಯ ನಿವಾಸಕ್ಕೆ ಗುಂಪಾಗಿ ಹೋಗತಕ್ಕದ್ದಲ್ಲ. ವ್ಯಾಯಾಮಕ್ಕೆ ಗೈರಾದವರ ಬಗ್ಗೆ ಕಾಳಜಿ ಇದ್ದಲ್ಲಿ ಅವರ ಹೆಸರನ್ನು ಸಮಾಲೋಚನಾ ಘಟಕಕ್ಕೆ ಲಿಖಿತವಾಗಿ ಕೊಡತಕ್ಕದ್ದು. ಘಟಕವು ಪ್ರತಿ ಶನಿವಾರ ಸಭೆ ಸೇರಿ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು. ಸರ್ ಓದಿ ಸಹಿ ಹಾಕಿದರು. ಪೆನ್ನು ವಾಪಸು ಕೊಡುವಾಗ, "ಬರೋಬರಿ ಐತ್ರಿ. ಆದ್ರ ಶನಿವಾರ ತನಕ ಕಾಯಾಕ ಆಕ್ಕೈತೇನ್ರಿ ಎಲ್ಲಾರಿಗೂ?" ಎಂದು ಕೇಳಿದರು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಬಲಗಡೆಯ ಸಾಲಿನಲ್ಲಿ ಆಗ ಇನ್ನೊಬ್ಬ ಹುಡುಗಿ ಇದ್ದಳು. ಹಿರೇಕೆರೂರಿನ ಆಚೆಯ ಹಳ್ಳಿಯವಳು, ಬಿ.ಎ. ಕೊನೆಯ ವರ್ಷ, ಹಾನಗಲ್ಲಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಮೊದಲು ಬಂದಾಗ ಅರ್ಧ ಸುತ್ತಿಗೆ ಕೂತುಬಿಡುತ್ತಿದ್ದಳಂತೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡುತ್ತಿದ್ದಳು. ಯುಗಾದಿ ಹೊತ್ತಿಗೆ ಹತ್ತು ಸುತ್ತು ಹೋಗುತ್ತಿದ್ದಳು. ಒಮ್ಮೆ ಸರ್ ಸೀಟಿಯೊಳಗಿನ ಗುಂಡು ಸಿಕ್ಕಿಕೊಂಡು ಬರೀ ಗಾಳಿ ಬಂದಾಗ ಅವಳು ನಿಂತಲ್ಲೇ ಬಗ್ಗಿ ನಕ್ಕದ್ದನ್ನು ಸರ್ ಸ್ಟಾಫ್ ರೂಮಿಗೆ ಬಂದು ಎಲ್ಲರಿಗೂ ಹೇಳಿದರು. "ಆಕಿ ನಗಾಕ ಒಂಬತ್ತ ತಿಂಗಳ ಹಿಡೀತ್ರಿ," ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು. ನಮಗೆ ಅದು ಅತಿ ಎನಿಸಿತು. ಚಹಾ ಕುಡಿದು ಎದ್ದೆವು.

ನಿರ್ಣಯವಾಗಿ ಎರಡು ತಿಂಗಳಾಗಿರಬೇಕು. ಒಂದು ಬುಧವಾರ ಸರ್ ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ಆ ಹುಡುಗಿಯ ಹೆಸರು, ಎರಡು ದಿನದಿಂದ ಗೈರು ಎಂದಿತ್ತು. ಗುರುವಾರ ಇನ್ನೊಂದು ಚೀಟಿ. ಅವತ್ತು ಅವಳು ನನ್ನ ಕ್ಲಾಸಿಗೆ ಬಂದಿದ್ದಳು. ಎರಡನೆಯ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡಳು. ಕ್ಲಾಸು ಬಿಟ್ಟ ಮೇಲೆ ಪಡಸಾಲೆಯಲ್ಲಿ ನಿಲ್ಲಿಸಿ ಕೇಳಿದೆ.

"ಯಾಕವ್ವ, ಮೈದಾನಕ್ಕ ಹೋಗವಲ್ಲೀಯಂತ? ಹೆಂಗದೀ?"

"ಆರಾಮ ಅದೀನ್ರಿ ಮೇಡಂ," ಎಂದು ನಕ್ಕಳು.

ಶುಕ್ರವಾರ ಸರ್ ಚೀಟಿ ಇಡಲಿಲ್ಲ. ತಾವೇ ಬಂದು ನಿಂತರು. ಬೆವರಿದ್ದರು. "ಮೇಡಂ, ಆಕಿ ಇವತ್ತೂ ಬಂದಿಲ್ರಿ."

"ಕ್ಲಾಸಿಗೆ ಬರುತ್ತಿದ್ದಾಳೆ ಸರ್. ನಾನೇ ಮಾತಾಡಿಸಿದೆ. ಆರಾಮಿದ್ದಾಳೆ."

"ಕ್ಲಾಸಿಗಿ ಬರಾಕ ಮೈ ಸಾಕ್ರಿ. ಓಡಾಕ ಮನಸ ಬೇಕು. ಒಂದ ಸಲ, ಇದೊಂದ ಸಲ ಸಾಲ ಕರಕೊಂಡು ಹೋಗಿ ಬರ್ತೇನ್ರಿ. ಹುಡುಗೂರು ಬ್ಯಾಡ, ಬರೇ ಹುಡುಗ್ಯಾರ್ನ ಕರಕೊಂಡು ಹೋಗ್ತೇನಿ. ನೀವು ಹೂಂ ಅನ್ರಿ ಸಾಕು."

ನಾನು ಹೂಂ ಅನ್ನಲಿಲ್ಲ. ನಿರ್ಣಯ ಮಾಡಿ ಎರಡು ತಿಂಗಳಲ್ಲೇ ಮುರಿದರೆ ಮತ್ತೆ ದೂರು ಬಂದಾಗ ಉತ್ತರ ಕೊಡುವವರು ಯಾರು? ಹಾಗೆಯೇ ಹೇಳಿದೆ. ನಾಳೆ ಘಟಕದ ಸಭೆಯಲ್ಲಿ ಅವಳ ವಿಷಯ ಮೊದಲು ಇಡುತ್ತೇನೆ ಎಂದೂ ಹೇಳಿದೆ. ಅವರು ಹೋದ ಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದೆ. ನಾಳೆ ಎರಡನೆಯ ಶನಿವಾರ, ರಜೆ. ಚೀಟಿಗಳ ಮೇಲೆ 'ಸೋಮವಾರ' ಎಂದು ಬರೆದು, ಪಂಚ್ ಮಾಡಿ ಕಡತಕ್ಕೆ ಸೇರಿಸಿದೆ.

ಭಾನುವಾರ ಮಧ್ಯಾಹ್ನ ಆ ಹುಡುಗಿ ತನ್ನ ಜೀವ ತಾನೇ ತೆಗೆದುಕೊಂಡಳು.

ಅವಳಿಗೆ ಏನಾಗಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಪಾಸಾಗದೆ ಉಳಿದುಕೊಂಡ ಪೇಪರು ಎಂದರು, ಮನೆಯ ಜಗಳ ಎಂದರು, ಬಾಯಿಗೊಂದು ಮಾತು. ಪ್ರಶ್ನಾವಳಿಗಳ ಕಟ್ಟು ಬಿಚ್ಚಿ ಅವಳ ಹಾಳೆ ಹುಡುಕಿದೆ. ಸದಾ ಸಂತೋಷ ಎಂಬಲ್ಲಿ ಅಂದವಾಗಿ ಗುರುತು ಹಾಕಿದ್ದಳು. ವಿಚಾರಣೆಗೆ ಮೇಲಿನವರು ಬಂದರು. ಕಡತ ನೋಡಿದರು. ಎಲ್ಲ ಸರಿಯಾಗಿತ್ತು. ಚೀಟಿಗಳಿದ್ದವು, ತಾರೀಕುಗಳಿದ್ದವು, ಮಾತಾಡಿಸಿದ್ದರ ಟಿಪ್ಪಣಿ ಇತ್ತು, ಸೋಮವಾರದ ಸಭೆಯ ಸೂಚನೆ ಇತ್ತು. ಘಟಕ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಬರೆದು ಹೋದರು. ಆ ಕಡತವನ್ನು ಸುಟ್ಟುಬಿಡಬೇಕು ಎನಿಸಿತು. ಸುಡಲಿಲ್ಲ. ನನ್ನ ನೌಕರಿ ಅದರಲ್ಲಿತ್ತು.

ಸರ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೇನೋ. ಒಂದು ವಾರದ ಮೇಲೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ, ಬೂಟಿನ ಕಡೆ ನೋಡುತ್ತ ಹೇಳಿದರು: "ನಿನ್ನೆ ಟೇಪ್ ಹಿಡದು ಅಳದೇನ್ರಿ ಮೇಡಂ. ಮೈದಾನದಿಂದ ಆಕಿ ಅತ್ತಿ ಮನಿ ಬಾಗಲಕ್ಕ ನಾನೂರು ಮೀಟರ್ ಐತಿ. ಬರೋಬರಿ ಒಂದ ಸುತ್ತು."

ಆಮೇಲೆ ತಡೆದು, "ನಾ ನಿಮ್ಮನ್ನ ಕೇಳಬಾರದಿತ್ತು. ಸುಮ್ನ ಹೋಗಬೇಕಿತ್ತು," ಎಂದರು. ತಪ್ಪನ್ನು ಹೀಗೆ ತಾವೇ ಎತ್ತಿಕೊಂಡು ಹೋದರು. ಅದು ನನ್ನದು, ಇಲ್ಲಿಡಿ ಎಂದು ನಾನು ಹೇಳಲಿಲ್ಲ.

ಅವತ್ತಿನಿಂದ ಅವರು ಸೀಟಿ ಊದಲಿಲ್ಲ. ಬೆಳಿಗ್ಗೆ ಮೈದಾನಕ್ಕೆ ಬರುತ್ತಿದ್ದರು, ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ನೌಕರಿಗೆ ಓಡುವವರು ತಮ್ಮ ಪಾಡಿಗೆ ಓಡಿದರು. ಬಲಗಡೆಯ ಸಾಲು ಒಬ್ಬೊಬ್ಬರಾಗಿ ಕರಗಿತು. ಬೂಟು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ನಾನು ಚಾಕ್‌ಪೀಸಿನ ತುಂಡುಗಳನ್ನು ಕೂಡಿಸಿ ಅವರ ಕುರ್ಚಿಯ ಹತ್ತಿರ ಒಂದು ಡಬ್ಬಿಯಲ್ಲಿ ಇಡತೊಡಗಿದೆ. ಡಬ್ಬಿ ತುಂಬಿತು, ಯಾರೂ ಮುಟ್ಟಲಿಲ್ಲ.

ಮರುವರ್ಷ ನಿವೃತ್ತರಾದರು. ಶಾಲು, ಹಾರ, ಹಣ್ಣಿನ ಬುಟ್ಟಿ, ನನ್ನ ಭಾಷಣ. ಅವರ ಶಿಸ್ತು, ಸರಳತೆ, ಸೇವೆ ಎಂದೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಅವರು ಎದ್ದು ನಿಂತು, "ಎಲ್ಲಾರೂ ಆರಾಮ ಇರ್ರಿ," ಎಂದಷ್ಟೇ ಹೇಳಿ ಕೂತರು. ಅವತ್ತೇ ಸಂಜೆಯ ಬಸ್ಸಿಗೆ ಸವಣೂರಿಗೆ, ಅಣ್ಣನ ಮನೆಗೆ ಹೋದರು.

ಆರು ತಿಂಗಳಾದ ಮೇಲೆ ಶಿಗ್ಗಾವಿಯಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆ ಇತ್ತು. ಮುಗಿಸಿಕೊಂಡು, ಮನಸ್ಸು ತಡೆಯದೆ ಸವಣೂರಿನ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ವೀಳ್ಯದೆಲೆಯ ಪೆಂಡಿಗಳ ನಡುವೆ ದಾರಿ ಕೇಳಿಕೊಂಡು ಅವರ ಓಣಿಗೆ ಹೋದೆ. ಬೀದಿಗೆ ಬಾಗಿಲಿರುವ ಮುಂದಿನ ಖೋಲಿ ಅವರದು. ಅವರ ಅತ್ತಿಗೆ ಪಕ್ಕದ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದರು. "ಎಂಟ ದಿನಾತ್ರಿ, ಹೊರಗ ಬಂದಿಲ್ಲ. ಊಟ ಒಳಗಿನ ಬಾಗಲದಾಗ ಇಡ್ತೇವಿ. ಅರ್ಧ ಉಣತಾರ, ಅರ್ಧ ಇಲ್ಲ. ಡಾಕ್ಟರ್ ಹಂತ್ಯಾಕ ಬರ್ರಿ ಅಂದ್ರ ಬರಂಗಿಲ್ಲ. ನಿಮ್ಮ ಮಾತರೆ ಕೇಳ್ತಾರೇನೋ ನೋಡ್ರಿ."

ಬಾಗಿಲ ಮುಂದೆ ನಿಂತೆ. ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರ ಪದ್ಧತಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅದನ್ನು ನಿಲ್ಲಿಸುವ ನಿರ್ಣಯ ಬರೆದವಳೇ ನಾನು. ಕೈ ಮೇಲೆತ್ತಿ ಒಂದು ಎನ್ನಬೇಕಿತ್ತು. ಎದುರಿನ ಕಟ್ಟೆಯಲ್ಲಿ ಇಬ್ಬರು ಮುದುಕರು ಕೂತಿದ್ದರು. ನಳದ ಹತ್ತಿರ ಹೆಂಗಸರು ಕೊಡ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ರೇಷ್ಮೆ ಸೀರೆಯಲ್ಲಿದ್ದೆ, ಮುಡಿಯಲ್ಲಿ ಮದುವೆ ಮನೆಯ ಮಲ್ಲಿಗೆ. ಐವತ್ತು ದಾಟಿದ ಹೆಂಗಸು, ಕಾಲೇಜಿನ ಮೇಡಂ, ಪರ ಊರಿನ ಓಣಿಯಲ್ಲಿ ನಿಂತು ಕವಾಯತು ಮಾಡುವುದೇ? ಬಾಗಿಲು ಬಡಿದೆ. ಅದನ್ನು ಮಾಡಬಾರದೆಂದೂ ಗೊತ್ತಿತ್ತು.

"ಸರ್, ನಾನು. ಹಾನಗಲ್ಲಿನಿಂದ."

ಆಮೇಲೆ ಬಾಗಿಲಿನ ಆಚೆ, ತೀರ ಹತ್ತಿರದಿಂದ ದನಿ ಬಂತು. "ಹೌದೇನ್ರಿ ಮೇಡಂ. ಭಾಳ ದೂರ ಬಂದೀರಿ."

"ಹೇಗಿದ್ದೀರಿ ಸರ್?"

"ಆರಾಮ ಅದೀನ್ರಿ," ಎಂದರು. "ಹೊತ್ತಾಕ್ಕೈತಿ, ನೀವು ಹೋಗಿ ಬರ್ರಿ."

ನಾನು ಬಸ್ಸು ಹಿಡಿದೆ. ಅವರು ಹೇಳಿದ್ದನ್ನು ನಂಬಿದೆನೆಂದಲ್ಲ. ನಂಬುವುದು ಸುಲಭವಾಗಿತ್ತು. ಪಡಸಾಲೆಯಲ್ಲಿ ಆ ಹುಡುಗಿ ಹೇಳಿದಾಗಲೂ ಸುಲಭವಾಗಿತ್ತು.

ಮೂರು ವಾರದ ಮೇಲೆ ಕಂಡಕ್ಟರನ ಫೋನು ಬಂತು. ಬೆಳಗಿನ ಜಾವ ಹೃದಯ ನಿಂತಿತ್ತಂತೆ. ಸವಣೂರಿಗೆ ಮುಟ್ಟಿದಾಗ ಹತ್ತು ಗಂಟೆ. ಅವನು ಎಲ್ಲಿಂದ ಹೇಗೆ ಸುದ್ದಿ ಮುಟ್ಟಿಸಿದ್ದನೋ, ಓಣಿಯಲ್ಲಿ ನಲವತ್ತು ಐವತ್ತು ಮಂದಿ ಹಳೆಯ ವಿದ್ಯಾರ್ಥಿಗಳು ಸೇರಿದ್ದರು. ಹಿರೇಕೆರೂರಿನಿಂದ ಬಂದವರು, ಹಾನಗಲ್ಲಿನಿಂದ, ಶಿಗ್ಗಾವಿಯಿಂದ. ಕೂಸನ್ನು ಎತ್ತಿಕೊಂಡು ಬಂದ ಒಬ್ಬ ತಾಯಿ, ಅಂಗಡಿಗೆ ಬೀಗ ಹಾಕಿ ಬಂದವನು, ಡ್ಯೂಟಿ ಬಿಟ್ಟು ಖಾಕಿಯಲ್ಲೇ ಬಂದವನು. ಒಬ್ಬೊಬ್ಬರೂ ನನ್ನ ಹತ್ತಿರ ಬಂದು ಹೇಳಿದರು. "ನಾನ್ರಿ ಮೇಡಂ, ಎಪ್ಪತ್ನಾಲ್ಕು." "ನೂರಾ ನಲವತ್ತು ರೀ." "ನನ್ನ ಗುರುತ ಹಿಡದ್ರೇನ್ರಿ? ಇಪ್ಪತ್ತೊಂದು." ಇವರೆಲ್ಲ ಯಾವುದೋ ಬೆಳಿಗ್ಗೆ ಬಾಗಿಲು ತೆರೆದು ಹೊರಗೆ ಬಂದವರು.

ಒಳ ಅಂಗಳದಲ್ಲಿ ಮಂತ್ರ ನಡೆದಿತ್ತು. ಬೀದಿಯ ಬಾಗಿಲು ಮುಚ್ಚಿತ್ತು. ಕಂಡಕ್ಟರ್ ಹುಡುಗ ಪಿ.ಡಿ. ಸರ್ ಅವರ ಅಣ್ಣನ ಹತ್ತಿರ ಹೋಗಿ ಕೈಮುಗಿದು ಏನೋ ಕೇಳಿದ. ಧೋತ್ರ ಉಟ್ಟ ಮುದುಕರು ಹುಬ್ಬು ಗಂಟಿಕ್ಕಿದರು. "ಇಂಥಾ ಹೊತ್ತಿನ್ಯಾಗ ಕವಾಯತೇನಪಾ?" ಎಂದರು. ಆಮೇಲೆ ಓಣಿಯಲ್ಲಿ ನಿಂತವರನ್ನೆಲ್ಲ ಒಮ್ಮೆ ನೋಡಿದರು. "ನಮ್ಮ ಮಂತ್ರ ಅವಗ ಎಂದೂ ಹಿಡಸಲಿಲ್ಲ. ನಿಮ್ಮದರೆ ಹಿಡಸಲಿ. ಮಾಡ್ರಿ."

ಅವರು ಸಾಲಾಗಿ ನಿಂತರು. ಯಾರೂ ಹೇಳಿಕೊಡಬೇಕಾಗಲಿಲ್ಲ. ಕಂಡಕ್ಟರ್ ಮುಂದೆ ನಿಂತು ಕೈ ಎತ್ತಿದ. "ಒಂದು!"

ನಾನು ಕೊನೆಯ ಸಾಲಿಗೆ ಹೋಗಿ ನಿಂತೆ. ಕೈ ಎತ್ತಿದೆ. ನಳದ ಹತ್ತಿರದ ಅದೇ ಹೆಂಗಸರು ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದರು. ಐವತ್ತಕ್ಕೆ ನನ್ನ ಭುಜ ಸೋತಿತು. ನೂರಕ್ಕೆ ಕೂಸಿನ ತಾಯಿ ಕೂಸನ್ನು ಪಕ್ಕದವಳಿಗೆ ಕೊಟ್ಟು ಮತ್ತೆ ಕೈ ಎತ್ತಿದಳು. ಇನ್ನೂರಕ್ಕೆ ದನಿಗಳು ಒಡೆದವು. ಮುನ್ನೂರಾ ಹನ್ನೆರಡು ಬಂದಾಗ ಕಂಡಕ್ಟರನಿಗೆ ಆ ಅಂಕಿ ಹೇಳಲಾಗಲಿಲ್ಲ. ಹಿಂದಿನವರೆಲ್ಲ ಸೇರಿ ಅವನ ಪರವಾಗಿ ಕೂಗಿದರು. ಅಲ್ಲಿಂದ ಮುಂದೆ ಈ ತನಕ ಯಾರೂ ಎಣಿಸಿರಲಿಲ್ಲ. ಎಣಿಸುತ್ತ ಹೋದೆವು.

ನಾನೂರಾ ಆರಕ್ಕೆ ಬಾಗಿಲು ತೆರೆಯಿತು. ಸರ್ ನಾಲ್ವರ ಹೆಗಲ ಮೇಲೆ ಹೊರಗೆ ಬಂದರು. ಸಾಲು ಎರಡಾಗಿ ದಾರಿ ಬಿಟ್ಟಿತು. ಯಾರೂ ಏನೂ ಕೇಳಲಿಲ್ಲ, ಅವರದೇ ನಿಯಮ. ಮುಂದಿನ ಸಾಲುಗಳನ್ನೆಲ್ಲ ದಾಟಿ ಕೊನೆಯ ಸಾಲಿಗೆ ಬಂದಾಗ, ಹೊತ್ತವರು ಹೆಗಲು ಬದಲಿಸಲು ನನ್ನ ಪಕ್ಕದಲ್ಲೇ ಒಂದು ಕ್ಷಣ ನಿಂತರು. ಯಾರೋ ಅವರ ಕಾಲಿಗೆ ಬೂಟು ಹಾಕಿದ್ದರು. ಬೆಳ್ಳಗೆ ಬಳಿದಿದ್ದರು. ನನ್ನ ಕೈ ಇನ್ನೂ ಮೇಲೆಯೇ ಇತ್ತು.

ಆ ದಿನ, ರೇಷ್ಮೆ ಸೀರೆ ಉಟ್ಟು ಇದೇ ಬಾಗಿಲ ಮುಂದೆ ನಿಂತಾಗ, ಒಳಗೆ ಅವರು ಜೀವಂತ ಇದ್ದರು. ಬಾಗಿಲಿಗೆ ಅಷ್ಟು ಹತ್ತಿರ ನಿಂತು ಕಾಯುತ್ತಿದ್ದರು. ನಾನು 'ಒಂದು' ಎಂದು ಕೂಡ ಅಂದಿರಲಿಲ್ಲ.